ಬಿಸಿಲಿಗೆ ಬಿದ್ದ ಗೋಡೆ

ಹೋದ ವಾರ ತಂಬೂರಿನಲ್ಲಿ ನಮ್ಮ ಕೊಟ್ಟಿಗೆಯ ಹಿಂದಿನ ಗೋಡೆ ಕೆಡವುವಾಗ ಅಲ್ಲಿದ್ದವರು ನಾನು, ನನ್ನ ಹೆಂಡತಿ ಸರೋಜಾ, ಗೌಂಡಿ ಮಾಬೂಸಾಬ ಮತ್ತು ಅವನ ತಮ್ಮ. ಬಿಡದೆ ಹೊಡೆದ ಮಳೆ ಆಗಷ್ಟೇ ಹೊಳವಾಗಿತ್ತು. ಗುದ್ದಲಿಯ ಮೊದಲ ಏಟಿಗೇ ಗೋಡೆ ಹೊಟ್ಟೆ ಬಿಚ್ಚಿತು ನೋಡಿ, ಒಳಗಿನಿಂದ ಆ ವಾಸನೆ ಬಂತು. ಹಳೇ ಹೊಟ್ಟು, ಸಗಣಿ, ಒಲೆಯ ಹೊಗೆ ಕುಡಿದೂ ಕುಡಿದೂ ಕಪ್ಪಾದ ಮಣ್ಣು, ಅದೆಲ್ಲ ನೆಂದಾಗ ಬರುವ ವಾಸನೆ. ಮೊದಲ ಮಳೆಯ ಮಣ್ಣಿನ ವಾಸನೆ ಎಂದು ಜನ ಹೊಗಳುತ್ತಾರಲ್ಲ, ಅದಲ್ಲ. ಇದು ಮನುಷ್ಯರು ಇದ್ದು ಬಾಳಿದ ಮಣ್ಣಿನ ವಾಸನೆ.

ಮಾಬೂಸಾಬ ಚೇಷ್ಟೆಯ ಮನುಷ್ಯ. "ಸಾಹೇಬ್ರ, ಬಾಗಲಾ ಹಾಕ್ಕೊಂಡ್ ಬರ್ರಿ ಮತ್ತ. ಯಾರರ ಶೂಟಿಂಗ್ ಮಾಡಿದ್ರಂದ್ರ, ಪರಿಹಾರದ ಆಸೇಕ ತಮ್ಮ ಗ್ವಾಡಿ ತಾವ ಕೆಡವ್ಯಾರ ಅಂತ ಟೀವ್ಯಾಗ ಬರತೀರಿ" ಅಂದ.

ಸರೋಜಾ ನಕ್ಕಳು. ಅವನ ತಮ್ಮನೂ ನಕ್ಕ. ತಪ್ಪೇನಿಲ್ಲ, ಆ ಮಾತು ಈಗ ನಮ್ಮ ಕಡೆ ಗಾದೆಯ ಹಾಗೆ ಓಡಾಡುತ್ತದೆ. ಎಲ್ಲಿ ಹುಟ್ಟಿತು ಎಂದು ಗಾದೆಯನ್ನು ಯಾರು ಕೇಳುತ್ತಾರೆ? ಅದು ಹುಟ್ಟಿದ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಚಹಾ ಮಾಡಿಸುವ ನೆವದಿಂದ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಶಲವಡಿ ದಾಟಿ ಬಸ್ಸು ಇನ್ನೊಂದಿಷ್ಟು ಕುಲುಕಿದರೆ ಆ ಊರು. ಹೆಸರು ಬೇಡ, ಬೇಕಾದ್ದಕ್ಕಿಂತ ಹೆಚ್ಚು ಸಲ ಅದರ ಹೆಸರು ಟೀವಿಯಲ್ಲಿ ಬಂದುಹೋಗಿದೆ. ನಾನು ಅಲ್ಲಿನ ದನದ ದವಾಖಾನೆಗೆ ಕಾಂಪೌಂಡರ್ ಆಗಿ ವರ್ಗವಾಗಿ ಹೋದದ್ದು ಬೇಸಿಗೆಯಲ್ಲಿ. ಸರೋಜಾಳದು ತಂಬೂರಿನಲ್ಲೇ ಅಂಗನವಾಡಿ ಕೆಲಸ, ಅವಳು ಬರುವ ಹಾಗಿರಲಿಲ್ಲ. ಭತ್ತದ ಗದ್ದೆ, ಕೆರೆ, ಗಿಡಮರ ನೋಡಿ ಬೆಳೆದ ನನಗೆ ಆ ಎರೆಭೂಮಿ ಬೇರೆಯೇ ಲೋಕ. ಕಣ್ಣು ಹಾಯಿಸಿದಷ್ಟೂ ಕಪ್ಪು, ಸೀಳುಬಿಟ್ಟ ನೆಲ, ಅದರ ನಡುವೆ ಹೊಸದಾಗಿ ಬಂದ ಸೋಲಾರ್ ಫಲಕಗಳು ಮಾತ್ರ ಕೆರೆಯ ಹಾಗೆ ಹೊಳೆಯುತ್ತಿದ್ದವು. ಮೊದಲ ದಿನ ದೂರದಿಂದ ಅದನ್ನೇ ಕೆರೆ ಎಂದುಕೊಂಡಿದ್ದೆ.

ಫಕೀರಪ್ಪ ಅದನ್ನು ಕೇಳಿ ಊರೆಲ್ಲ ಹೇಳಿಕೊಂಡು ಬಂದ. "ನಮ್ಮ ಕಾಂಪೌಂಡರ್ ಸಾಹೇಬ್ರು ಸೋಲಾರ್‌ನಾಗ ಎಮ್ಮಿ ಮೈ ತೊಳಿಯಾಕ ಹೊಂಟಾರ್ರಪೋ!" ಫಕೀರಪ್ಪ ಅಂದರೆ ನನ್ನ ಮನೆ ಮಾಲಕ. ಅವನ ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಯ ಪಡಸಾಲೆಗೆ ಹೊಂದಿಕೊಂಡ ಖೋಲಿಯಲ್ಲಿ ನಾನು. ಅವನ ಹೆಂಡತಿ ಶಾಂತವ್ವ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರ. ಮಗಳನ್ನು ಮಿಶ್ರಿಕೋಟಿಗೆ ಕೊಟ್ಟಿದ್ದರು. ಇಬ್ಬರೇ ಗಂಡಹೆಂಡತಿ, ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಸುಖವಾಗಿದ್ದರು.

"ಗದ್ದ್ಯಾಗ ಬೆಳದವ್ರು ನೀವು. ಅನ್ನಾ ಉಂಡು ಉಂಡು ಮೈ ಮೆತ್ತಗ ಆಗೇತಿ. ಎರಡ ರೊಟ್ಟಿ ಹೆಚಗಿ ತಿನ್ರಿ" ಎಂದು ಅವನು ನನ್ನ ಗಂಗಾಳಕ್ಕೆ ರೊಟ್ಟಿ ಒಗೆಯುತ್ತಿದ್ದ.

"ತಾನ ರೊಟ್ಟಿ ಬಡದಾವ್ನಂಗ ಹಂಚತೈತಿ ನೋಡ್ರಿ ಇದು" ಎನ್ನುವಳು ಶಾಂತವ್ವ ಒಲೆಯ ಮುಂದಿನಿಂದ.

ಹಳ್ಳದ ಬಾಜುವಿನ ಹೊಲವನ್ನು ಅವನು ಸೋಲಾರ್ ಕಂಪನಿಗೆ ಲಾವಣಿ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದ. ಹಲವರು ಕೊಟ್ಟಿದ್ದರು. ಕಂಪನಿಯವರು ತಮ್ಮ ಲಾರಿ ಓಡಾಡಲೆಂದು ಹೊಲದ ನಡುವೆ ಎತ್ತರದ ಮಣ್ಣಿನ ರಸ್ತೆ ಹಾಕಿದರು. ಮಳೆಗಾಲದಲ್ಲಿ ನೀರು ಹರಿದುಹೋಗುವ ತಗ್ಗು ಅದರ ಅಡಿ ಮುಚ್ಚಿಹೋಯಿತು. ಇಲ್ಲೊಂದು ಪೈಪು ಹಾಕಿರಿ, ನೀರಿಗೆ ದಾರಿ ಬೇಕು ಎಂದು ಫಕೀರಪ್ಪ ಹೇಳಿದ. ಮುಂದೆ ಹಾಕುತ್ತೇವೆ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹೆಸರುಕಾಳು ಬಿಡಿಸುವ ದಿನಗಳಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಹಳ್ಳ ಬಂತು, ಪ್ರತಿ ವರ್ಷದ ಹಾಗೆ ತಗ್ಗಿಗಿಳಿದು ಹೋಗಲು ನೋಡಿತು, ರಸ್ತೆಗೆ ತಾಗಿ ಹಿಂದಕ್ಕೆ ಹೊಳ್ಳಿತು, ನಮ್ಮ ಓಣಿಗೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು, ಸಂಜೆಗೆ ಸೊಂಟ. ದನಗಳ ಕಣ್ಣಿ ಹರಿದು, ಮುದುಕರನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಸಾಗಿಸಿದೆವು. ಶಾಂತವ್ವ ಮಾತ್ರ ಒಂದು ಕೈಯಲ್ಲಿ ಬೆಕ್ಕು, ಇನ್ನೊಂದರಲ್ಲಿ ರೊಟ್ಟಿಬುಟ್ಟಿ ಹಿಡಿದು ನೀರೊಳಗೆ ನಡೆದು ಬಂದಳು. ಆ ರಾತ್ರಿ ಯಾರೂ ಸಾಯಲಿಲ್ಲ, ಒಂದು ಮನೆಯೂ ಬೀಳಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಇದೇ ನಮಗೆ ಎದುರಾಯಿತು.

ಮರುದಿನ ನೀರು ಇಳಿಯಿತು, ಅದರ ಮರುದಿನ ಕಣ್ಣು ಕುಕ್ಕುವ ಬಿಸಿಲು. ನಾನು ಉಸಿರು ಬಿಟ್ಟೆ. ಆದರೆ ಮನೆಗಳೆಲ್ಲ ನಿಂತೇ ಇದ್ದರೂ ಊರವರ ಮುಖದಲ್ಲಿ ಆಗ ಬಂತು ನೋಡಿ ಭಯ.

"ಮಳ್ಯಾಗ ನಿಂತ ಗ್ವಾಡಿ ಬಿಸಲಾಗ ಬೀಳತೈತ್ರಿ ಸಾಹೇಬ್ರ" ಅಂದ ಫಕೀರಪ್ಪ. "ಬುಡಾ ನೆಂದು ಅಂಬಲಿ ಆಗೇತಿ. ಮ್ಯಾಲಿಂದು ಒಣಗಿ ಭಾರ ಹಾಕತೈತಿ. ಯಾವ ಕಡೆ ಬೀಳಬೇಕಂತ ಅದ ಠರಾಸೂಕಿಂತ ಮೊದಲ ನಾವ ಠರಾಸಬೇಕು."

ಮಣ್ಣಿನ ಮನೆಯವರಿಗೆ ಅದು ಅಜ್ಜ ಮುತ್ತಜ್ಜರ ಕಾಲದ ಪದ್ಧತಿ. ನೆಂದ ಗೋಡೆಗೆ ಮೇಲುಗಡೆ ಹಗ್ಗ ಬಿಗಿದು, ಹತ್ತಾರು ಮಂದಿ ಹೊರಗೆ ನಿಂತು, ಒಬ್ಬನ ಕೂಗಿಗೆ ಒಟ್ಟಿಗೆ ಎಳೆಯಬೇಕು. ಗೋಡೆ ಹೊರಕ್ಕೆ ಬೀಳುತ್ತದೆ. ಒಳಗಿನ ತೊಲೆ, ಬಾಗಿಲು, ಬಾಜು ಮನೆ ಉಳಿಯುತ್ತವೆ. ಹಾಗೇ ಬಿಟ್ಟರೆ ಒಳಕ್ಕೆ ಬಿದ್ದು ಮಲಗಿದವರನ್ನು ಮುಚ್ಚುತ್ತದೆ. ಕೂಗು ಹಾಕುವ ಕೆಲಸ ಫಕೀರಪ್ಪನದು. "ಹಿಡೀರಿ... ಹೊರಗ!" ಎಂದರೆ ಊರ ಆಚೆಗೂ ಕೇಳುತ್ತಿತ್ತು.

ಓಣಿಯ ಗೋಡೆಗಳನ್ನು ಒಂದೊಂದಾಗಿ ಹೀಗೆ ಇಳಿಸುತ್ತಿರುವಾಗ ಟೀವಿಯ ಗಾಡಿ ಬಂತು. ಮಳೆ ನೋಡಲು ಬಂದವರಿಗೆ ಕಂಡದ್ದು ಸುಡುಬಿಸಿಲು, ನಿಂತ ಗೋಡೆ, ಹಗ್ಗ ಹಿಡಿದು ನಗುತ್ತ ಮನೆ ಕೆಡವುವ ಜನ. ಹೌದು, ನಗುತ್ತಿದ್ದೆವು. ಗೋಡೆ ಹೊರಕ್ಕೆ ಬಿದ್ದರೆ ನಗದೆ ಏನು ಮಾಡುತ್ತಾರೆ? ಬಂದ ಹುಡುಗ ಯಾರನ್ನೂ ಏನೂ ಕೇಳಲಿಲ್ಲ. ದೂರದಿಂದಲೇ ಕ್ಯಾಮರಾ ಹಿಡಿದ.

ಫಕೀರಪ್ಪ ತನ್ನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದ. ಅಡುಗೆಮನೆಯ ಗೋಡೆಗೆ ಹಗ್ಗ ಬಿಗಿದಾಗಿತ್ತು. ತೊಲೆಯೊಂದು ಗೋಡೆಯಲ್ಲಿ ಕಚ್ಚಿಕೊಂಡಿದೆ, ಸಡಿಲಿಸಿ ಬಂದೆ ಎಂದು ಒಳಗೆ ಹೋದ. ನಾವು ಹಗ್ಗ ಹಿಡಿದು ಕೂಗಿಗೆ ಕಾಯುತ್ತ ನಿಂತೆವು. ಯಾರೂ ಎಳೆಯಲಿಲ್ಲ. ಗೋಡೆ ತಾನೇ ಠರಾಯಿಸಿತು, ಒಳಗಡೆಗೆ.

ಸಂಜೆಯ ಸುದ್ದಿಯಲ್ಲಿ ಬಂತು: ನೆರೆ ಪರಿಹಾರದ ಆಸೆಗೆ ಗಟ್ಟಿ ಮನೆಗಳನ್ನೇ ಕೆಡವಿದರು, ಒಬ್ಬ ಬಲಿ. ಫಕೀರಪ್ಪ "ಹೊರಗ!" ಎಂದು ಕೂಗುವ ಮುಖ ಮತ್ತೆ ಮತ್ತೆ ತೋರಿಸಿದರು. ನೀರು ಸೊಂಟಮಟ್ಟ ನಿಂತದ್ದನ್ನು ಯಾರೂ ಚಿತ್ರ ಹಿಡಿದಿರಲಿಲ್ಲ, ಆಗ ನಾವೆಲ್ಲ ಮುದುಕರನ್ನು ಹೊರುತ್ತಿದ್ದೆವು. ಮರುದಿನದಿಂದ ಅದೇ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಣ್ಣಿಗೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ನಮ್ಮೂರಿನವಳೊಬ್ಬಳಿಗೆ "ಏನವಾ, ಈ ಸಲ ಯಾವ ಗ್ವಾಡಿ ಕೆಡವತೀರಿ?" ಅಂದಳಂತೆ. ಮಿಶ್ರಿಕೋಟಿಯಲ್ಲಿ ಬೀಗರ ಮನೆಯಲ್ಲೂ ಮಾತು ಬಂತು. ಮಗಳು ತಾಯಿಯನ್ನು ಕರೆದೊಯ್ಯಲು ಬಂದು, ಕರೆಯದೆಯೇ ವಾಪಸು ಹೋದಳು.

ನಾನು ಆ ಮನೆಯಲ್ಲಿ ಇರುವುದು ಸರಿಯಾಗುತ್ತಿರಲಿಲ್ಲ. ದವಾಖಾನೆಯ ಹಿಂದಿನ ಔಷಧದ ಕೋಣೆಗೆ ಹಾಸಿಗೆ ಸಾಗಿಸಿದೆ. ಫಿನಾಯಿಲ್ ವಾಸನೆಯಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಶಾಂತವ್ವ ಉಳಿದ ಪಡಸಾಲೆಗೆ ತಗಡು ಮರೆ ಮಾಡಿಕೊಂಡು ಇದ್ದಳು. ಬೈಯಲು ಯಾರೂ ಇಲ್ಲದ ಮನೆ. ಓಣಿಯ ಜನ ಮೊದಮೊದಲು ಬಂದು ಕೂರುತ್ತಿದ್ದರು. ಆಮೇಲೆ ಸರಕಾರದ ಸರ್ವೇ ಶುರುವಾಯಿತು, ಟೀವಿ ನೋಡಿದ ಅಧಿಕಾರಿಗಳು ಒಂದೊಂದು ಗೋಡೆಗೂ ನೂರು ಪ್ರಶ್ನೆ ಹಾಕಿದರು. ಅವಳ ಕಟ್ಟೆಯ ಮೇಲೆ ಕಂಡರೆ ತಮ್ಮ ಪರಿಹಾರಕ್ಕೂ ಕಲ್ಲು ಬೀಳುತ್ತದೆಂದು ಜನ ಆ ದಾರಿ ಬಿಟ್ಟು ಹಿಂದಿನ ಸಂದಿಯಿಂದ ಓಡಾಡತೊಡಗಿದರು. ಕೆಟ್ಟವರೆಂದಲ್ಲ, ಹೆದರಿದವರು.

ಒಂದು ದಿನ ಶಾಂತವ್ವನ ಎಮ್ಮೆಗೆ ಸೂಜಿ ಹಾಕಲು ಹೋದಾಗ ಅವಳು ಅಂದಳು. "ಸಾಹೇಬ್ರ, ಕಂಪನ್ಯಾವ್ರ ಮ್ಯಾಲ ನ್ಯಾಯ ಹಾಕಬೇಕಂತೀನಿ."

"ರೊಕ್ಕದ ಸಲುವಾಗೇನ್ರಿ?"

"ರೊಕ್ಕಾ ಹಾಳಾಗ್ಲಿ. ನನ್ನ ಗಂಡ ನೀರಿನಿಂದ ಸತ್ತ, ಆಸೇಕ ಸಾಯಲಿಲ್ಲ ಅಂತ ಒಬ್ಬರರ ದೊಡ್ಡವ್ರು ಬಾಯಿಬಿಟ್ಟು ಹೇಳಬೇಕು. ಅಷ್ಟ."

ನವಲಗುಂದದ ವಕೀಲರ ಬಳಿ ಹೋದೆವು. ನಮ್ಮ ಜೊತೆ ಬಸಪ್ಪಜ್ಜನೂ ಬಂದ. ಊರ ಹಿರಿಯ, ಬೆಳ್ಳಗಿನ ಮೀಸೆ, ಎಷ್ಟೋ ಮನೆಗಳ ಜಗಳ ಕಟ್ಟೆಯ ಮೇಲೆ ಕೂತು ಬಿಡಿಸಿದ ಮನುಷ್ಯ. ವಕೀಲರು ಲಾವಣಿಯ ಕರಾರು ತಿರುವಿ ಹಾಕಿ ನಿಟ್ಟುಸಿರು ಬಿಟ್ಟರು. "ಕೋರ್ಟಿಗೆ ಹೋಗಾಕ ಬರಂಗಿಲ್ರಿ. ಏನ ತಕರಾರ ಇದ್ರೂ ಮಧ್ಯಸ್ಥರ ಮುಂದ ಅಂತ ನಿಮ್ಮ ಯಜಮಾನ್ರು ಸಹಿ ಮಾಡ್ಯಾರ. ಮಧ್ಯಸ್ಥರನ್ನ ಆರಸಾವ್ರು ಕಂಪನ್ಯಾವ್ರು."

"ಅವ್ರ ಆರಿಸಿದವ್ರು ಅವ್ರ ಕಡೆನ ಹೇಳೂದಿಲ್ಲೇನ್ರಿ?" ಅಂದೆ.

"ಅದನ್ನ ಬ್ಯಾಡ ಅನ್ನಾಕ ಧಾರವಾಡ ಹೈಕೋರ್ಟಿಗೆ ಹೋಗಬಹುದು. ವರ್ಷಗಟ್ಟಲೆ ತಿರಗಬೇಕು. ತಿರಗತಾರೇನು ಇವ್ರು?"

ಬಸಪ್ಪಜ್ಜ ಕೈ ಎತ್ತಿದ. "ತಿರಗೂದು ಯಾಕ್ರಿ. ಪಂಚರಂದ್ರ ಪಂಚರು. ಯಾರ ಕರಸಿದ್ರೂ ಆ ಜಾಗಾದಾಗ ಕುಂತ ಮ್ಯಾಲ ಮನಷ್ಯಾ ಸುಳ್ಳ ಹೇಳೂದಿಲ್ಲ." ಅವನ ಆಯುಷ್ಯವೆಲ್ಲ ಹಾಗೇ ನಡೆದಿತ್ತು. ಅವನನ್ನು ಕರೆಸಿದ್ದೂ ಎಷ್ಟೋ ಸಲ ಒಂದೇ ಕಡೆಯವರು, ಅವನು ಕರೆಸಿದವರ ವಿರುದ್ಧವೇ ಹೇಳಿ ಎದ್ದುಬಂದವನು.

ಅರ್ಜಿ ಕೊಟ್ಟೆವು, ಹುಬ್ಬಳ್ಳಿಯ ಒಂದು ಹೋಟೆಲಿನ ಹಾಲಿಗೆ ಕರೆದರು. ನಮ್ಮ ವಕೀಲರಿಗೆ ಅಂದು ನವಲಗುಂದದಲ್ಲಿ ಕೋರ್ಟಿತ್ತು, ನಾವು ಮೂವರೇ ಹೊರಟೆವು. ಬಸ್ಸಿನಲ್ಲಿ ಬಸಪ್ಪಜ್ಜ ಶಾಂತವ್ವನಿಗೆ ರೀತಿ ಹೇಳಿಕೊಟ್ಟ. ಆ ಊರ ಕಟ್ಟೆಯ ನ್ಯಾಯಕ್ಕೆ ಒಂದು ರೀತಿಯಿತ್ತು. ನೊಂದವರನ್ನು ಪಂಚರು ಮೂರು ಸಲ ಕೇಳಬೇಕು. ಮೊದಲ ಸಲಕ್ಕೆ ತಲೆ ಬಗ್ಗಿಸಿ ಸುಮ್ಮನಿರಬೇಕು. ಎರಡನೆಯದಕ್ಕೆ ತಲೆ ಎತ್ತಬೇಕು. ಮೂರನೆಯದಕ್ಕೆ ಮಾತು. ಕೇಳಿದ ಕೂಡಲೇ ಬಾಯಿ ತೆರೆದವರ ದುಃಖ ಹಗುರದ್ದು ಎಂದು ಲೆಕ್ಕ. ಸುಳ್ಳು ಹೇಳುವವನಿಗೆ ಅಷ್ಟು ಹೊತ್ತು ತಡೆಯುವ ತಾಳ್ಮೆ ಇರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರಂತೆ.

"ಗಡಬಡಿ ಮಾಡಬ್ಯಾಡ ಬೇ ಶಾಂತವ್ವ. ಮೂರನೇದಕ್ಕ ಹೇಳು. ಸಾವಕಾಶ, ಒಂದೊಂದ ಮಾತು ಕುಂಡ್ರಿಸಿ ಕುಂಡ್ರಿಸಿ ಹೇಳು."

ಅವಳು ಕಿಟಕಿಯ ಕಡೆ ತಿರುಗಿ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದಳು.

ಹಾಲಿನಲ್ಲಿ ಮೈ ನಡುಗುವಷ್ಟು ತಂಪು. ಮೇಜಿನ ಆಚೆ ಮಧ್ಯಸ್ಥರು, ವಯಸ್ಸಾದ, ಸೌಮ್ಯ ಮುಖದ ಸಾಹೇಬರು. ಅವರು ಕಂಪನಿಯ ಕಾರಿನಿಂದ ಇಳಿದದ್ದನ್ನು ನಾವು ಕೆಳಗೆ ನೋಡಿದ್ದೆವು. ಬಸಪ್ಪಜ್ಜ ಅದನ್ನು ಕಂಡೂ ಕಾಣದವನಂತೆ ಮುಖ ತಿರುಗಿಸಿದ್ದ. ಬಾಜುವಿಗೆ ಕಂಪನಿಯ ವಕೀಲರು, ಬೆಂಗಳೂರು ಮಾತಿನ ಒಬ್ಬ ಗುಮಾಸ್ತ. ನನಗೆ ಬಾಗಿಲ ಬಳಿ ಕುರ್ಚಿ. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಯಿತು. ಆಮೇಲೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆ ಟೀವಿಯ ತುಣುಕು ಹಾಕಿದರು.

ಶಾಂತವ್ವ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಯಾರೂ ತೋರಿಸಿರಲಿಲ್ಲ. ಫಕೀರಪ್ಪ ಪರದೆಯ ತುಂಬ ನಿಂತಿದ್ದ, ರುಮಾಲು ಸಡಿಲಾಗಿ, ಕೊರಳಿನ ನರ ಉಬ್ಬಿ, ನಗುತ್ತ. "ಹಿಡೀರಿ... ಹೊರಗ!" ಅವಳ ಕೈ ಸೆರಗಿನಿಂದ ಅರ್ಧ ಮೇಲೆದ್ದು ಅಲ್ಲೇ ನಿಂತಿತು.

ಸಾಹೇಬರು ಏನೋ ಕೇಳಿದರು. ಗುಮಾಸ್ತ ಕನ್ನಡದಲ್ಲಿ ಹೇಳಿದ. "ನೋಡಿಮ್ಮಾ, ಈ ದೃಶ್ಯದ ಬಗ್ಗೆ ನಿಮ್ಮದೇನಾದ್ರೂ ಹೇಳೋದಿದೆಯಾ?"

ಶಾಂತವ್ವ ತಲೆ ಬಗ್ಗಿಸಿದಳು. ಬಸಪ್ಪಜ್ಜ ಮೆಚ್ಚಿ ಕಣ್ಣು ಮುಚ್ಚಿದ.

ಸಾಹೇಬರು ಒಂದು ಕ್ಷಣ ನೋಡಿದರು. ಏನೋ ಬರೆದರು. ಹಾಳೆ ತಿರುವಿದರು.

ನಾನು ಎದ್ದು ನಿಂತೆ. "ಸಾಹೇಬ್ರ, ಇನ್ನೊಮ್ಮೆ ಕೇಳ್ರಿ. ನಮ್ಮ ಕಡೆ ಮೂರು ಸಲ..."

ಕಂಪನಿಯ ವಕೀಲರು ತಿರುಗಿದರು. "ತಾವ್ಯಾರು?"

"ಅವ್ರ ಮನ್ಯಾಗ ಬಾಡಿಗಿ ಇದ್ದಾವ್ನ್ರಿ."

"ಕರಾರಿನಲ್ಲಿ ಬಾಡಿಗೆಯವರು ಇಲ್ಲ. ದಯವಿಟ್ಟು ಹೊರಗೆ ಕೂತ್ಕೊಳ್ಳಿ." ಗುಮಾಸ್ತ ಬಂದು ನಯವಾಗಿಯೇ ಬಾಗಿಲು ತೆರೆದ. ನನ್ನ ಹಿಂದೆ ಅದು ಸದ್ದಿಲ್ಲದೆ ಮುಚ್ಚಿಕೊಂಡಿತು. ಹೊರಗಿನ ಸೋಫಾದಲ್ಲಿ ಕೂತು ಗಾಜಿನೊಳಗಿಂದ ನೋಡಿದೆ. ತುಟಿಗಳು ಅಲ್ಲಾಡುವುದು ಕಾಣುತ್ತಿತ್ತು. ಶಾಂತವ್ವನ ತುಟಿಯೊಂದು ಬಿಟ್ಟು.

ಊಟದ ಹೊತ್ತಿಗೆ ಮುಗಿಯಿತು. ಬಸ್ಸು ಹುಬ್ಬಳ್ಳಿ ದಾಟಿತು. ಆಮೇಲೆ ಶಾಂತವ್ವ ಕೇಳಿದಳು. "ಅಜ್ಜಾ, ಉಳದೆರಡು ಸಲ ಯಾವಾಗ ಕೇಳತಾರ?"

"ಮತ್ತೊಮ್ಮೆ ಕರಿತಾರ ಬಿಡವಾ" ಅಂದ ಬಸಪ್ಪಜ್ಜ. ಅವನ ದನಿಯಲ್ಲಿ ಸಂಶಯ ಇರಲಿಲ್ಲ. ಕೇಳದೆ ಹೇಗೆ ಬಿಡುತ್ತಾರೆ? ನಾನು ಗೊತ್ತಿದ್ದಷ್ಟು ಬಿಡಿಸಿ ಹೇಳಿದೆ. ಅವನು ನನ್ನ ಮುಖವನ್ನು ಕರುಣೆಯಿಂದ ನೋಡಿದ, ಸರಕಾರಿ ನೌಕರಿಯವನಿಗೆ ಕಟ್ಟೆಯ ರೀತಿ ಏನು ತಿಳಿಯಬೇಕು ಎಂಬಂತೆ.

ಹಿಂಗಾರಿ ಬಿತ್ತಿದರು. ಕಡಲೆ ಮೊಳಕೆ ಬಂತು, ಹೂವಾಯಿತು, ಹುಳಿ ಹಿಡಿಯಿತು. ಶಾಂತವ್ವ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ನವಲಗುಂದದ ವಕೀಲರಿಂದ ಫೋನು ಮಾಡಿಸಿದೆವು, ಮತ್ತೆ ಕೂರಬೇಕೆಂದು ಬರೆದು ಕೇಳಿಸಿದೆವು. ಅಗತ್ಯವಿಲ್ಲ ಎಂದು ಉತ್ತರ. ಅದನ್ನು ಅವಳಿಗೆ ಹೇಳಿದರೂ ಅವಳು ಮೊಬೈಲು ಸೊಂಟದಿಂದ ತೆಗೆಯಲಿಲ್ಲ. ಸಂಜೆಯ ಹೊತ್ತು ಆ ಮನೆಯ ಮುಂದೆ ಹಾದುಹೋದರೆ ಒಳಗಿನಿಂದ ದನಿ ಕೇಳುತ್ತಿತ್ತು. ಯಾರೋ ಬಂದಿದ್ದಾರೆ ಎಂದು ಸಂತೋಷಪಟ್ಟು ಒಮ್ಮೆ ಒಳಗೆ ಹೋದೆ. ಯಾರೂ ಇರಲಿಲ್ಲ. ಒಲೆಯ ಮುಂದೆ ಕೂತು ಒಬ್ಬಳೇ ಹೇಳುತ್ತಿದ್ದಳು: "ಹಳ್ಳ ಬಂತ್ರಿ. ರಸ್ತೇಕ ಬಡದು ಹೊಳ್ಳಿತ್ರಿ. ಸೊಂಟದಮಟ ನಿಂತಿತ್ರಿ." ನನ್ನನ್ನು ಕಂಡು ನಾಚಿದಳು. "ಮರತ ಹೋಗಬಾರದಲ್ರಿ" ಅಂದಳು.

ತೀರ್ಪು ಬಂದಾಗ ವಕೀಲರು ಓದಿ ಹೇಳಿದರು. ಮನೆಗಳು ನೀರಿಗೆ ಬಿದ್ದಿಲ್ಲ, ಮಾಲಕರೇ ಕೆಡವಿದ್ದಾರೆ. ಸಾವು ಆತನ ಸ್ವಂತ ಕೃತ್ಯದಿಂದ ಆದದ್ದು. ದೃಶ್ಯಕ್ಕೆ ಎದುರು ಕಡೆಯವರು ಯಾವ ಆಕ್ಷೇಪವನ್ನೂ ಎತ್ತಲಿಲ್ಲ, ಅವಕಾಶ ಕೊಟ್ಟರೂ ಮೌನವಾಗಿದ್ದರು.

"ಸುಮ್ನ ಇದ್ದದ್ದು ಬರದಾರೇನ್ರಿ?" ಅಂದ ಬಸಪ್ಪಜ್ಜ.

"ಬರದಾರ."

"ಯಾಕ ಸುಮ್ನಿದ್ರು ಅನ್ನೂದು?"

ವಕೀಲರು ತಲೆ ಅಲ್ಲಾಡಿಸಿದರು. ಬಸಪ್ಪಜ್ಜ ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತದ್ದನ್ನು ಆಮೇಲೆ ನಾನು ನೋಡಲಿಲ್ಲ. ಯಾರಾದರೂ ಕರೆಯಲು ಬಂದರೆ, "ನಾ ಕಲತದ್ದು ಹಳೇದಾತು, ಬ್ಯಾರೇದವ್ರನ ಕರೀರಿ" ಎನ್ನುತ್ತಿದ್ದ. ಶಾಂತವ್ವನ ಮನೆಯ ಕಡೆ ಅವನೂ ಹಿಂದಿನ ಸಂದಿಯಿಂದಲೇ ಓಡಾಡತೊಡಗಿದ. ಅವಳು ಮಾತ್ರ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೇಸಿಗೆಗೆ ನನಗೆ ವರ್ಗವಾಯಿತು. ಹೊರಡುವ ದಿನ ಅವಳು ರೊಟ್ಟಿ ಕಟ್ಟಿಕೊಟ್ಟಳು. ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ತಿರುವಿನಲ್ಲಿ ತಿರುಗುವಾಗ ನೋಡಿದೆ, ಇನ್ನೂ ನಿಂತೇ ಇದ್ದಳು. ಅವಳ ಹಿಂದೆ ಆ ಫಲಕಗಳ ಸುಳ್ಳು ಕೆರೆ.

ಅದರ ಮರುವರ್ಷ ಕಾಲುಬಾಯಿ ರೋಗದ ಲಸಿಕೆ ಹಾಕಲು ಆ ಕಡೆ ಹೋದಾಗ ಶಾಂತವ್ವ ಸಿಕ್ಕಳು. ಕಂಪನಿಯಲ್ಲೇ ಕೂಲಿಗೆ ಹೋಗುತ್ತಿದ್ದಾಳೆ, ಫಲಕಗಳ ಧೂಳು ತೊಳೆಯುವ ಕೆಲಸ. ಅದೂ ಅವಳ ಹೊಲದಲ್ಲಿದ್ದ ಫಲಕಗಳೇ. ಕೆಲಸಕ್ಕೆ ಸೇರಿದ ದಿನದ ಮಾತನ್ನು ಅವಳೇ ನನಗೆ ಹೇಳಿದಳು. ಸುಪರ್‌ವೈಸರ್ ಹೊಸ ಹುಡುಗ, ವಿಜಯಪುರದ ಕಡೆಯವನು. ಹೆಸರು ಕೇಳಿದ, ಹೇಳಿದಳು. ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದ. ತೀರಿಕೊಂಡರು ಅಂದಳು.

"ಏನಾಗಿತ್ರಿ ಅವ್ರಿಗೆ?"

"ನೀರು ಬಂದಿತ್ತಪಾ."

ಹುಡುಗ ತಲೆ ಎತ್ತಿ ನೋಡಿದ. "ಹೌದ ನೋಡ್ರಿ, ಇಲ್ಲಿ ಭಾಳ ನೀರು ಬಂದಿತ್ತಂತ. ಪಾಪ" ಅಂದ. ಅಂದು, ಬಕೆಟ್ಟು ಬ್ರಷ್ಷು ಕೊಟ್ಟು, ಯಾವ ಸಾಲಿನಿಂದ ಶುರು ಮಾಡಬೇಕೆಂದು ಕೈ ತೋರಿಸಿದ.